‘ಐಡಿಯಾಲಜಿ’ ಎಂಬ ಪದವನ್ನು ತರಗತಿಯಲ್ಲಿ ಬಿಡಿಸುವುದು ಹೇಗೆ?

ಸಮಾಜ ವಿಜ್ಞಾನದ ಪಾಠವೀಕ್ಷಣೆಗೆ ಶಾಲೆಗಳಿಗೆ ಹೋದಾಗ ವೀಕ್ಷಣಾ ಪುಸ್ತಕದ ಕೊನೆಯ ಪುಟದಲ್ಲಿ ನಾನೊಂದು ಪಟ್ಟಿ ಬರೆದಿಟ್ಟುಕೊಳ್ಳುತ್ತೇನೆ. ಪ್ರಶಿಕ್ಷಣಾರ್ಥಿಗಳು ಅರ್ಥ ಬಿಡಿಸದೆ ದಾಟಿಹೋದ ಪದಗಳ ಪಟ್ಟಿ ಅದು. ‘ಸಾರ್ವಭೌಮ’, ‘ಒಕ್ಕೂಟ’, ‘ಬಂಡವಾಳ’, ‘ಜಾತ್ಯತೀತ’ ಇವೆಲ್ಲ ಆಗಾಗ ಬಂದು ಹೋಗುತ್ತವೆ. ‘ಸಿದ್ಧಾಂತ’ ಮಾತ್ರ ಪ್ರತಿವರ್ಷವೂ ಇರುತ್ತದೆ. ಇಂಗ್ಲಿಷಿನ ‘ಐಡಿಯಾಲಜಿ’ಗೆ ನಮ್ಮ ಪಠ್ಯಗಳೂ ಪತ್ರಿಕೆಗಳೂ ಸಾಮಾನ್ಯವಾಗಿ ಬಳಸುವ ಕನ್ನಡ ಪದ ಅದೇ. ಪಕ್ಷದ ಸಿದ್ಧಾಂತ, ಎಡಪಂಥೀಯ ಸಿದ್ಧಾಂತ, ಸೈದ್ಧಾಂತಿಕ ಭಿನ್ನಾಭಿಪ್ರಾಯ ಎಂದೆಲ್ಲ ದಿನವೂ ಓದುತ್ತೇವೆ. ಓದಿ ಓದಿ ರೂಢಿಯಾದ್ದರಿಂದ ಅದಕ್ಕೆ ಅರ್ಥ ಹೇಳಬೇಕು ಎಂದೇ ಅನ್ನಿಸುವುದಿಲ್ಲ.

ಈ ಸಲದ ಅಭ್ಯಾಸ ಬೋಧನೆಯಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗ ಈ ಪದವನ್ನು ಹಿಡಿದು ನಿಲ್ಲಿಸಿದ. ಪಾಠ ಶೀತಲ ಸಮರ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ ಒಂದು ಕಡೆ ‘ಬಂಡವಾಳಶಾಹಿ ಸಿದ್ಧಾಂತ’, ಇನ್ನೊಂದು ಕಡೆ ‘ಸಮತಾವಾದಿ ಸಿದ್ಧಾಂತ’ ಎಂದು ಬರೆದಿದ್ದರು. ಹುಡುಗ ಎದ್ದುನಿಂತು ಕೇಳಿದ: “ಮೇಡಂ, ಸೈನ್ಸಲ್ಲಿ ಡಾಲ್ಟನ್ನಿನ ಪರಮಾಣು ಸಿದ್ಧಾಂತ ಅಂತ ಇದೆಯಲ್ಲ, ಇದೂ ಅದೇ ಥರಾನಾ? ಹಾಗಾದ್ರೆ ಎರಡರಲ್ಲಿ ಯಾವುದು ಪ್ರೂವ್ ಆಗಿದೆ?” ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, “ಎರಡೂ ದೊಡ್ಡವರು ಹೇಳಿದ್ದೇ, ಕೂತ್ಕೊ” ಎಂದು ಮುಂದೆ ಸಾಗಿದರು. ಪೀರಿಯಡ್ಡಿನಲ್ಲಿ ಇನ್ನು ಹನ್ನೆರಡು ನಿಮಿಷ ಉಳಿದಿತ್ತು, ಮೌಲ್ಯಮಾಪನದ ಹಂತ ಬಾಕಿಯಿತ್ತು. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಆ ಹುಡುಗನ ಪ್ರಶ್ನೆ ಆ ದಿನ ನಾನು ನೋಡಿದ ನಾಲ್ಕು ಪಾಠಗಳಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ. ಪಾಠದ ನಂತರದ ಹಿಮ್ಮಾಹಿತಿ ಸಭೆಯಲ್ಲಿ ನಾವು ಚರ್ಚಿಸಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಬರಿಯ ಶಬ್ದಾರ್ಥದ್ದಲ್ಲ. ನಮ್ಮ ತರಗತಿಯ ನಲವತ್ತು ಮಕ್ಕಳ ಮನೆಗಳ ಮೇಲೆ ಒಂದೇ ಬಾವುಟ ಹಾರುವುದಿಲ್ಲ. ಒಬ್ಬ ಮಗುವಿನ ತಂದೆ ಒಂದು ಪಕ್ಷದ ಬೂತ್ ಏಜೆಂಟ್, ಇನ್ನೊಬ್ಬಳ ತಾಯಿ ಕಾರ್ಮಿಕ ಸಂಘದವರು, ಮೂರನೆಯವನ ಮನೆಯಲ್ಲಿ ರಾಜಕೀಯದ ಮಾತೆತ್ತಿದರೆ ಬೈಗುಳ. ಶಿಕ್ಷಕರು ಒಂದು ವಿಚಾರವನ್ನು ‘ಸಿದ್ಧಾಂತ’ ಎಂದೂ ಇನ್ನೊಂದನ್ನು ‘ಪ್ರಚಾರ’ ಎಂದೂ ಕರೆದರೆ ಪಾಠ ಶುರುವಾಗುವ ಮೊದಲೇ ಮತದಾನ ಮುಗಿದಂತೆ. ಎರಡನ್ನೂ ‘ಸಿದ್ಧಾಂತ’ ಎಂದು ಕರೆದು ಬಿಟ್ಟರೆ ಹುಡುಗನ ಮುಂದಿನ ಪ್ರಶ್ನೆ ನ್ಯಾಯವಾದದ್ದೇ: ಯಾವುದು ಸಿದ್ಧವಾಗಿದೆ?

ಮೊದಲು ಪದದ ಒಡಲನ್ನು ನೋಡೋಣ. ‘ಐಡಿಯಾ’ ಗ್ರೀಕಿನಿಂದ ಬಂದದ್ದು, ‘ನೋಡು’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಮೂಲದಲ್ಲಿ ಅದಕ್ಕೆ ರೂಪ, ಕಂಡ ಆಕಾರ ಎಂಬ ಅರ್ಥ. ಈ ಧಾತುವೂ ಸಂಸ್ಕೃತದ ‘ವಿದ್’ ಧಾತುವೂ ಒಂದೇ ಬುಡದ ಕವಲುಗಳು. ಲ್ಯಾಟಿನ್‌ನಲ್ಲಿ ‘ನೋಡುತ್ತೇನೆ’ ಎನ್ನುವ ಕ್ರಿಯಾಪದವೂ ಅದೇ ಬುಡದ್ದು. ಹೀಗಾಗಿ ನಮ್ಮ ‘ವಿದ್ಯೆ’, ಗ್ರೀಕರ ‘ಐಡಿಯಾ’, ಮಕ್ಕಳ ಮೊಬೈಲಿನ ‘ವಿಡಿಯೊ’ ಮೂರೂ ದಾಯಾದಿಗಳು. ತರಗತಿಯಲ್ಲಿ ಇದನ್ನು ಹೇಳಿ ನೋಡಿ, ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ಇನ್ನು ‘ಲಜಿ’. ಬಯಾಲಜಿ, ಜಿಯಾಲಜಿ, ಸೈಕಾಲಜಿ ಮಕ್ಕಳಿಗೆ ಗೊತ್ತಿರುವವೇ, ಎಲ್ಲವೂ ಶಾಸ್ತ್ರಗಳು. ಹಾಗಾದರೆ ಐಡಿಯಾಲಜಿಯೂ ಒಂದು ಶಾಸ್ತ್ರವೇ ಆಗಬೇಕಲ್ಲ? ಆಗಬೇಕಿತ್ತು. ಅದನ್ನು ಟಂಕಿಸಿದವನ ಉದ್ದೇಶವೂ ಅದೇ ಆಗಿತ್ತು.

ಆತ ಫ್ರಾನ್ಸಿನ ಆಂತ್ವಾನ್ ದೆಸ್ತ್ಯು ದ ತ್ರಾಸಿ. 1754ರಲ್ಲಿ ಹುಟ್ಟಿದ ಶ್ರೀಮಂತ ಮನೆತನದ ಸೇನಾಧಿಕಾರಿ. 1789ರಲ್ಲಿ ಕುಲೀನರ ಪ್ರತಿನಿಧಿಯಾಗಿ ಹೋಗಿ ಕ್ರಾಂತಿಯ ಪರ ನಿಂತವನು. ಆದರೂ 1793ರ ಕೊನೆಯಲ್ಲಿ ಕ್ರಾಂತಿಕಾರರೇ ಅವನನ್ನು ಸೆರೆಗೆ ಹಾಕಿದರು. ದಿನವೂ ಜನ ಗಿಲೊಟಿನ್ನಿಗೆ ಹೋಗುತ್ತಿದ್ದ ಆ ತಿಂಗಳುಗಳಲ್ಲಿ ಈತ ಜೈಲಿನಲ್ಲಿ ಕೂತು ಜಾನ್ ಲಾಕ್‌ನನ್ನೂ ಕೊಂದಿಯಾಕ್‌ನನ್ನೂ ಓದಿದ. 1794ರ ಜುಲೈಯಲ್ಲಿ ರೋಬೆಸ್ಪಿಯರ್ ಬಿದ್ದ, ಅಕ್ಟೋಬರಿನಲ್ಲಿ ತ್ರಾಸಿ ಹೊರಬಂದ.

ಲಾಕ್ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಪರಿಚಿತ. ಮನಸ್ಸು ಹುಟ್ಟುವಾಗ ಬರೆಯದ ಹಾಳೆ, ಅನುಭವ ಅದರ ಮೇಲೆ ಬರೆಯುತ್ತದೆ ಎಂದವನು. ಕೊಂದಿಯಾಕ್ ಅದನ್ನು ಇನ್ನೂ ಮುಂದಕ್ಕೊಯ್ದ. 1754ರ ತನ್ನ ಗ್ರಂಥದಲ್ಲಿ ಅವನು ಒಂದು ಅಮೃತಶಿಲೆಯ ವಿಗ್ರಹವನ್ನು ಕಲ್ಪಿಸಿಕೊಂಡು, ಅದಕ್ಕೆ ಮೊದಲು ವಾಸನೆಯ ಇಂದ್ರಿಯವೊಂದನ್ನೇ ಕೊಟ್ಟು, ಗುಲಾಬಿಯನ್ನು ಹಿಡಿದು, ಆಮೇಲೆ ಒಂದೊಂದಾಗಿ ಉಳಿದ ಇಂದ್ರಿಯಗಳನ್ನು ಕೊಡುತ್ತ ಹೋದರೆ ನೆನಪು, ಹೋಲಿಕೆ, ಬಯಕೆ ಎಲ್ಲವೂ ಹೇಗೆ ಹುಟ್ಟುತ್ತವೆ ಎಂದು ತೋರಿಸಲು ಹೊರಟ. (ಇಂದ್ರಿಯ ತರಬೇತಿಯ ಮೇಲೆ ಪ್ರಬಂಧ ಬರೆಯುವವರು ಈ ವಿಗ್ರಹವನ್ನು ಮರೆಯಬಾರದು.) ತ್ರಾಸಿಗೆ ಇದು ಹಿಡಿಸಿತು. ವಿಚಾರಗಳು ಇಂದ್ರಿಯಾನುಭವದಿಂದ ಹುಟ್ಟುವುದಾದರೆ ಅವುಗಳ ಹುಟ್ಟನ್ನು ಹಂತಹಂತವಾಗಿ ಪರಿಶೀಲಿಸಬಹುದು. ತಪ್ಪು ವಿಚಾರ ಎಲ್ಲಿ ತಪ್ಪಾಯಿತು ಎಂದು ಲೆಕ್ಕದ ಹೆಜ್ಜೆಗಳನ್ನು ಹಿಂದಕ್ಕೆ ನೋಡುವಂತೆ ನೋಡಬಹುದು. ಅಂಥ ಶಾಸ್ತ್ರಕ್ಕೊಂದು ಹೆಸರು ಬೇಕಲ್ಲ? ‘ತತ್ತ್ವಮೀಮಾಂಸೆ’ ಎಂದರೆ ಹಳೆಯ ಊಹಾಪೋಹದ ವಾಸನೆ. ‘ಸೈಕಾಲಜಿ’ ಎಂದರೆ ಆತ್ಮದ ಶಾಸ್ತ್ರ ಎಂದಾಗುತ್ತದೆ, ಆತ್ಮ ಇದೆಯೆಂದು ಮೊದಲೇ ಒಪ್ಪಬೇಕಾಗುತ್ತದೆ. ಹೀಗೆ ಎರಡನ್ನೂ ಬದಿಗಿಟ್ಟು 1796ರಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ವಿದ್ವತ್ ಸಂಸ್ಥೆಯಲ್ಲಿ ಓದಿದ ಪ್ರಬಂಧದಲ್ಲಿ ಅವನು ಹೊಸ ಪದವೊಂದನ್ನು ಮುಂದಿಟ್ಟ: ಐಡಿಯಾಲಜಿ, ವಿಚಾರಗಳ ಶಾಸ್ತ್ರ. ಅದನ್ನು ಪ್ರಾಣಿಶಾಸ್ತ್ರದ ಒಂದು ಭಾಗ ಎಂದೇ ಅವನು ಕರೆದ. ಸಂವೇದನೆ, ಸ್ಮೃತಿ, ನಿರ್ಣಯ, ಇಚ್ಛೆ ಈ ನಾಲ್ಕೇ ಅದರ ಮೂಲಸಾಮಗ್ರಿ.

ನಮಗೆ, ಅಂದರೆ ಶಿಕ್ಷಕರನ್ನು ತಯಾರುಮಾಡುವವರಿಗೆ, ಮುಖ್ಯವಾದ ಸಂಗತಿ ಮುಂದಿನದು. ತ್ರಾಸಿ ಈ ಶಾಸ್ತ್ರವನ್ನು ಪಂಡಿತರಿಗಾಗಿ ಮಾತ್ರ ಕಟ್ಟಲಿಲ್ಲ, ಶಾಲೆಗಾಗಿ ಕಟ್ಟಿದ. 1795ರ ಅಕ್ಟೋಬರಿನ ಕಾನೂನು ಫ್ರಾನ್ಸಿನಲ್ಲಿ ‘ಕೇಂದ್ರ ಶಾಲೆ’ಗಳನ್ನು ಸ್ಥಾಪಿಸಿತ್ತು. ಹನ್ನೆರಡು ವರ್ಷದಿಂದ ಮೊದಲ ಹಂತ, ಹದಿನಾಲ್ಕರಿಂದ ಎರಡನೆಯದು, ಹದಿನಾರರ ಮೇಲೆ ಮೂರನೆಯದು. ಮೂರನೆಯ ಹಂತದಲ್ಲಿ ಇತಿಹಾಸ, ಶಾಸನ ವಿಚಾರಗಳ ಜೊತೆಗೆ ‘ಸಾಮಾನ್ಯ ವ್ಯಾಕರಣ’ ಎಂಬ ವಿಷಯ. ಅದನ್ನು ಹೇಗೆ ಕಲಿಸಬೇಕೆಂದು ಅಧ್ಯಾಪಕರಿಗೆ ತಿಳಿಯದು, ಪುಸ್ತಕವೂ ಇಲ್ಲ. 1799ರಲ್ಲಿ ತ್ರಾಸಿ ಸಾರ್ವಜನಿಕ ಶಿಕ್ಷಣ ಮಂಡಳಿಯ ಸದಸ್ಯನಾದ. 1801ರಲ್ಲಿ ‘ಐಡಿಯಾಲಜಿಯ ಮೂಲಾಂಶಗಳು’ ಎಂಬ ಅವನ ಗ್ರಂಥದ ಮೊದಲ ಭಾಗ ಹೊರಬಂತು, ಕೇಂದ್ರ ಶಾಲೆಗಳ ಉಪಯೋಗಕ್ಕೆಂದೇ, ತರುಣರನ್ನುದ್ದೇಶಿಸಿ. ವ್ಯಾಕರಣದ ಭಾಗ 1803ರಲ್ಲಿ, ತರ್ಕದ ಭಾಗ 1805ರಲ್ಲಿ ಬಂದವು. ಇಂದು ನಾವು ಬೈಗುಳದಂತೆ ಬಳಸುವ ಈ ಪದ ಹುಟ್ಟಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಒಂದು ಪಠ್ಯಪುಸ್ತಕದ ಹೆಸರಾಗಿತ್ತು ಎಂಬುದನ್ನು ನಮ್ಮವರಲ್ಲಿ ಎಷ್ಟು ಜನ ಬಲ್ಲರು?

ಪುಸ್ತಕ ಬಂದ ಮರುವರ್ಷವೇ, 1802ರಲ್ಲಿ, ಆ ಶಾಲೆಗಳನ್ನು ಮುಚ್ಚುವ ಕಾನೂನು ಬಂತು. ಪಠ್ಯಕ್ರಮ ಬದಲಾಗಿ ಕೈಯಲ್ಲಿದ್ದ ಪುಸ್ತಕ ವ್ಯರ್ಥವಾಗುವ ಸಂಕಟ ನಮಗೇನು ಹೊಸದಲ್ಲ, ತ್ರಾಸಿಗೆ ಶಾಲೆಯೇ ಹೋಯಿತು.

ಅದೇ ಕಾಲದ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1795ರ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ‘ಎಕೋಲ್ ನಾರ್ಮಾಲ್’ ಎಂಬ ಶಿಕ್ಷಕರ ತರಬೇತಿ ಶಾಲೆ ತೆರೆದು ನಾಲ್ಕೇ ತಿಂಗಳು ನಡೆದು ನಿಂತಿತು. ಅಲ್ಲಿ ‘ತಿಳಿವಿನ ವಿಶ್ಲೇಷಣೆ’ ಎಂಬ ಒಂದು ಪಾಠಮಾಲೆಯೇ ಇತ್ತು, ಅದೂ ಕೊಂದಿಯಾಕ್‌ನ ಜಾಡಿನದೇ. ‘ನಾರ್ಮಾಲ್’ ಎಂದರೆ ಮಾದರಿಯ, ಕಲಿಸುವ ಮಾನದಂಡ ತೋರಿಸುವ ಶಾಲೆ ಎಂದರ್ಥ. ಮೈಸೂರಿನಲ್ಲೂ ಧಾರವಾಡದಲ್ಲೂ ನಮ್ಮ ಹಿರಿಯರು ಶಿಕ್ಷಕರ ತರಬೇತಿ ಶಾಲೆಯನ್ನು ‘ನಾರ್ಮಲ್ ಸ್ಕೂಲು’ ಎನ್ನುತ್ತಿದ್ದರಲ್ಲ, ಆ ಮಾತು ಬಂದ ದಾರಿ ಇದು. ನಮ್ಮ ಕಾಲೇಜಿನ ಹಳೆಯ ಹೆಸರೂ ಐಡಿಯಾಲಜಿ ಎಂಬ ಪದವೂ ಒಂದೇ ಊರಿನಲ್ಲಿ, ಎರಡು ವರ್ಷಗಳ ಅಂತರದೊಳಗೆ ರೂಪುಗೊಂಡವು.

ಹಾಗಿದ್ದ ಪದ ಕೆಟ್ಟದ್ದು ಹೇಗೆ? ನೆಪೋಲಿಯನ್‌ನಿಂದ. ಮೊದಮೊದಲು ಅವನು ಈ ಗುಂಪಿನ ಗೆಳೆಯನೇ. 1797ರಲ್ಲಿ ಅದೇ ವಿದ್ವತ್ ಸಂಸ್ಥೆಗೆ ಸದಸ್ಯನಾಗಿ ಆಯ್ಕೆಯಾದಾಗ ಹೆಮ್ಮೆಪಟ್ಟವನು. 1799ರಲ್ಲಿ ಅವನು ಅಧಿಕಾರ ಹಿಡಿದಾಗ ಇವರಲ್ಲಿ ಹಲವರು ಬೆಂಬಲಿಸಿದರು ಕೂಡ. ಆದರೆ ಸೆನ್ಸಾರ್, ಚರ್ಚಿನ ಜೊತೆಗಿನ ರಾಜಿ, ಎಲ್ಲ ಅಧಿಕಾರವೂ ಒಬ್ಬನ ಕೈಗೆ ಎಂಬುದು ಶುರುವಾದಾಗ ಇವರು ಪ್ರಶ್ನಿಸಿದರು. ಆಗ ‘ಐಡಿಯಾಲಜಿಸ್ಟರು’ ಎಂಬುದು ಅವನ ಬಾಯಲ್ಲಿ ಹೀಯಾಳಿಕೆಯಾಯಿತು: ನೆಲ ಕಾಣದ, ರಾಜ್ಯವಾಳುವುದು ಗೊತ್ತಿಲ್ಲದ, ಗಾಳಿಗೋಪುರ ಕಟ್ಟುವ ಮಂದಿ. 1803ರಲ್ಲಿ ಸಂಸ್ಥೆಯ ನೈತಿಕ ಮತ್ತು ರಾಜಕೀಯ ವಿಜ್ಞಾನಗಳ ವಿಭಾಗವನ್ನೇ ರದ್ದುಮಾಡಿದ. 1812ರ ಡಿಸೆಂಬರಿನಲ್ಲಿ ರಷ್ಯಾದ ಹಿಮದಿಂದ ಸೈನ್ಯ ಕಳೆದುಕೊಂಡು ಬಂದವನು ರಾಜ್ಯಸಭಾ ಮಂಡಳಿಯ ಮುಂದೆ ನಿಂತು ಫ್ರಾನ್ಸಿನ ಕಷ್ಟಗಳಿಗೆಲ್ಲ ಐಡಿಯಾಲಜಿಯೇ ಕಾರಣ ಎಂದ. ಮಾಸ್ಕೋದಿಂದ ಹಿಂದೆಗೆದದ್ದಕ್ಕೂ ವ್ಯಾಕರಣದ ಮೇಷ್ಟರುಗಳೇ ಹೊಣೆ! ಹದಿನಾರು ವರ್ಷಗಳಲ್ಲಿ ಶಾಸ್ತ್ರದ ಹೆಸರು ಆರೋಪದ ಹೆಸರಾಗಿತ್ತು. 1816ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಾನ್ ಆಡಮ್ಸ್, ತ್ರಾಸಿಯ ಅಭಿಮಾನಿಯಾಗಿದ್ದ ಜೆಫರ್‌ಸನ್‌ಗೆ ಬರೆದ ಪತ್ರದಲ್ಲಿ ಈ ವಿಚಿತ್ರ ಪದಕ್ಕೆ ಅರ್ಥವೇನು, ಪೆದ್ದುತನವೆಂದೋ ಎಂದು ಕುಚೋದ್ಯ ಮಾಡಿದ್ದೂ ಉಂಟು.

ಪ್ರಶಿಕ್ಷಣಾರ್ಥಿಗಳು ಇಲ್ಲಿ ಗಮನಿಸಬೇಕಾದದ್ದು ಈ ತಿರುವು. ‘ನನ್ನದು ವಿಚಾರ, ನಿನ್ನದು ಐಡಿಯಾಲಜಿ’ ಎಂಬ ಇಂದಿನ ಮಾತಿನ ಧಾಟಿ ನೆಪೋಲಿಯನ್‌ನಿಂದಲೇ ಆರಂಭವಾದದ್ದು. ಟಿವಿ ಚರ್ಚೆಯಲ್ಲಿ ಯಾರಾದರೂ “ಅವರು ಐಡಿಯಾಲಜಿಯಿಂದ ಮಾತಾಡ್ತಿದ್ದಾರೆ” ಎಂದಾಗ ಎದುರಿನವರ ವಾದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ, ಉತ್ತರ ಕೊಡಬೇಕಿಲ್ಲ ಎಂದು ಹೇಳಿದಂತಾಗುತ್ತದೆ.

ಮಾರ್ಕ್ಸ್ ಈ ಪದವನ್ನು ಎತ್ತಿಕೊಂಡಾಗ ಅದಕ್ಕೆ ಮೂರನೆಯ ಅರ್ಥ ಬಂತು. 1845–46ರಲ್ಲಿ ಎಂಗೆಲ್ಸ್ ಜೊತೆ ಬರೆದ ‘ಜರ್ಮನ್ ಐಡಿಯಾಲಜಿ’ ಅವರ ಕಾಲದಲ್ಲಿ ಅಚ್ಚಾಗಲೇ ಇಲ್ಲ. ಹಸ್ತಪ್ರತಿಯನ್ನು ಇಲಿಗಳಿಗೆ ಬಿಟ್ಟೆವು ಎಂದು ಮಾರ್ಕ್ಸ್ ಮುಂದೆ ನಗೆಯಾಡಿದ. ಪೂರ್ತಿ ಅಚ್ಚಾದದ್ದು 1932ರಲ್ಲಿ. ಅದರಲ್ಲಿ ಒಂದು ಹೋಲಿಕೆ ಇದೆ: ಕತ್ತಲಕೋಣೆಯ ಕ್ಯಾಮೆರಾದಲ್ಲಿ ಹೊರಗಿನ ದೃಶ್ಯ ತಲೆಕೆಳಗಾಗಿ ಕಾಣುವಂತೆ, ಐಡಿಯಾಲಜಿಯಲ್ಲಿ ಮನುಷ್ಯರೂ ಅವರ ಸಂಬಂಧಗಳೂ ತಲೆಕೆಳಗಾಗಿ ಕಾಣುತ್ತವೆ.

ಈ ಹೋಲಿಕೆಯನ್ನು ಬಾಯಲ್ಲಿ ಹೇಳಿ ಬಿಡಬೇಡಿ. ವಿಜ್ಞಾನ ಪದ್ಧತಿಯ ನಿಮ್ಮ ಸಹಪಾಠಿಗಳು ಸೂಜಿರಂಧ್ರ ಕ್ಯಾಮೆರಾ ಮಾಡಿಯೇ ಇರುತ್ತಾರೆ. ಖಾಲಿ ಶೂ ಪೆಟ್ಟಿಗೆ, ಒಂದು ಬದಿಗೆ ಸೂಜಿಯ ತೂತು, ಎದುರು ಬದಿಗೆ ಎಣ್ಣೆ ಸವರಿದ ತೆಳು ಕಾಗದ, ಅಷ್ಟೆ. ಬಿಸಿಲಿದ್ದ ಹೊತ್ತಿನಲ್ಲಿ ಒಂದು ಗುಂಪಿನ ಮಕ್ಕಳು ಅದನ್ನು ಶಾಲೆಯ ಧ್ವಜಸ್ತಂಭದ ಕಡೆ ಹಿಡಿದು ನೋಡಲಿ, ಸ್ತಂಭ ತಲೆಕೆಳಗಾಗಿ ನಿಂತಿರುತ್ತದೆ. ಆಗ ಕೇಳಿ: ಚಿತ್ರ ತಿರುಗಿದ್ದು ಪೆಟ್ಟಿಗೆ ಸುಳ್ಳು ಹೇಳುತ್ತಿರುವುದರಿಂದಲೋ? ಅಲ್ಲ, ಬೆಳಕು ನೇರವಾಗಿ ಚಲಿಸುವುದರಿಂದ, ತೂತು ಇರುವುದು ಅಲ್ಲೇ ಆದ್ದರಿಂದ. ಮಾರ್ಕ್ಸ್ ಹೇಳಬೇಕೆಂದಿದ್ದದ್ದೂ ಇದೇ. ಐಡಿಯಾಲಜಿ ಎಂದರೆ ಯಾರೋ ಬೇಕೆಂದೇ ಹೇಳಿದ ಸುಳ್ಳಲ್ಲ. ಸಮಾಜದಲ್ಲಿ ನಾವು ನಿಂತಿರುವ ಜಾಗವೇ ಹಾಗೆ ಕಾಣಿಸುತ್ತದೆ. ಯಾರಿಗೆ ಅನುಕೂಲವೋ ಅವರ ವ್ಯವಸ್ಥೆ ಎಲ್ಲರಿಗೂ ‘ಇರುವುದೇ ಹೀಗೆ’ ಎನ್ನಿಸುತ್ತದೆ.

‘ಇರುವುದೇ ಹೀಗೆ’ ಎಂಬುದಕ್ಕೆ ನಮ್ಮ ನೆಲದ ಉದಾಹರಣೆ ಬೇಕೆಂದರೆ ನಾನು ಕಾಗೋಡನ್ನು ಹೇಳುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಆ ಊರಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ತಕರಾರಿನ ಮೂಲದಲ್ಲಿದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ರೂಢಿಯ ಅಳತೆಗಿಂತ ದೊಡ್ಡದು ಎಂಬುದು ರೈತರ ದೂರು. ಸಮಾಜವಾದಿಗಳು ಜೊತೆಗೂಡಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ನನ್ನ ಪ್ರಶ್ನೆ ಚಳವಳಿಗಿಂತ ಹಿಂದಿನದು. ಸತ್ಯಾಗ್ರಹಕ್ಕೆ ಮೊದಲು ಸುಗ್ಗಿಯಿಂದ ಸುಗ್ಗಿಗೆ ಆ ಕೊಳಗ ಅಂಗಳಕ್ಕೆ ಬಂದಾಗ ಅದು ಬರಿಯ ಅಳತೆಯ ಪಾತ್ರೆಯಾಗಿತ್ತು. ಪ್ರಶ್ನೆ ಎದ್ದಮೇಲೆ ಅದೇ ಪಾತ್ರೆ ಒಂದು ವಾದವಾಯಿತು. ಪಾತ್ರೆ ಬದಲಾಗಿರಲಿಲ್ಲ. ಮಕ್ಕಳಿಗೆ ಮಾರ್ಕ್ಸ್‌ನ ಅರ್ಥವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಬೋಧನಾ ಸಾಮಗ್ರಿ ನನಗೆ ಸಿಕ್ಕಿಲ್ಲ. ಸಾಧ್ಯವಾದರೆ ಹಳೆಯ ಕೊಳಗವೊಂದನ್ನೂ ಸೇರನ್ನೂ ತರಗತಿಗೆ ತನ್ನಿ.

ಇಲ್ಲಿಂದ ಮುಂದಿನ ಕಥೆಯನ್ನು ಬೇಗ ಹೇಳಬಹುದು. 1902ರಲ್ಲಿ ಲೆನಿನ್ ‘ಸಮಾಜವಾದಿ ಐಡಿಯಾಲಜಿ’ ಎಂದು ಅದನ್ನು ತನ್ನ ಕಡೆಗೂ ಅನ್ವಯಿಸಿಕೊಂಡ. ಅಲ್ಲಿಗೆ ಅದು ಪ್ರತಿಯೊಂದು ವರ್ಗಕ್ಕೂ ಇರುವ ವಿಚಾರವ್ಯೂಹ ಎಂಬ ಅರ್ಥಕ್ಕೆ ಸರಿಯಿತು. ಇಂದು ಪತ್ರಿಕೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಈ ತಟಸ್ಥ ಅರ್ಥವೇ. 1929ರಲ್ಲಿ ಕಾರ್ಲ್ ಮ್ಯಾನ್‌ಹೀಮ್ ‘ಐಡಿಯಾಲಜಿ ಮತ್ತು ಯುಟೋಪಿಯ’ದಲ್ಲಿ ಒಂದು ಇಕ್ಕಟ್ಟಿನ ಪ್ರಶ್ನೆ ಎತ್ತಿದ: ಎದುರಾಳಿಯ ವಿಚಾರ ಅವನ ಸ್ಥಾನದಿಂದ ಹುಟ್ಟಿದ್ದು ಎನ್ನುವುದಾದರೆ ನನ್ನ ವಿಚಾರ ಎಲ್ಲಿಂದ ಹುಟ್ಟಿತು? 1933ರಲ್ಲಿ ನಾಜಿಗಳು ಅವನನ್ನು ಕೆಲಸದಿಂದ ತೆಗೆದರು. ಲಂಡನ್ನಿಗೆ ಹೋದವನು ಕೊನೆಯ ದಿನಗಳಲ್ಲಿ ಅಲ್ಲಿನ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ನಮ್ಮಂಥ ಶಿಕ್ಷಕ ಶಿಕ್ಷಣದ ಮನೆಯಲ್ಲೇ, ಪ್ರಾಧ್ಯಾಪಕನಾಗಿದ್ದ. 1970ರಲ್ಲಿ ಫ್ರಾನ್ಸಿನ ಅಲ್ತುಸೇರ್, ಆಧುನಿಕ ಸಮಾಜದಲ್ಲಿ ಐಡಿಯಾಲಜಿಯನ್ನು ಹರಡುವ ಪ್ರಧಾನ ಸಾಧನ ಶಾಲೆಯೇ ಎಂದ. ಶಾಲಾ ಗಂಟೆ, ಸಾಲು, ಸಮವಸ್ತ್ರ, ಅಂಕಗಳ ಕ್ರಮ ಎಲ್ಲವನ್ನೂ ಅವನ ಮಾತಿನ ಬೆಳಕಿನಲ್ಲಿ ನೋಡುವುದು ಪ್ರಶಿಕ್ಷಣಾರ್ಥಿಗಳಿಗೆ ಒಳ್ಳೆಯ ಸೆಮಿನಾರ್ ವಿಷಯ. ಅವನ ತೀರ್ಮಾನ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಹತ್ತನೆಯ ತರಗತಿಯ ಹುಡುಗ ಪ್ರಶ್ನೆ ಕೇಳಲು ಎದ್ದುನಿಂತದ್ದೂ ಶಾಲೆಯಲ್ಲೇ.

ಈಗ ಕನ್ನಡಕ್ಕೆ ಬರೋಣ. ‘ಸಿದ್ಧಾಂತ’ ಎಂದರೆ ಸಿದ್ಧವಾದ ಅಂತ, ವಾದ ಮುಗಿದು ಸ್ಥಾಪಿತವಾದ ನಿರ್ಣಯ. ಮೊದಲು ಪೂರ್ವಪಕ್ಷ, ಕೊನೆಗೆ ಸಿದ್ಧಾಂತ. ಸೂರ್ಯಸಿದ್ಧಾಂತದಂಥ ಜ್ಯೋತಿಷ ಗ್ರಂಥಗಳ ಹೆಸರಿನಲ್ಲಿ ಇರುವುದೂ ಇದೇ ಪದ. ವಿಜ್ಞಾನದ ಪಠ್ಯಕ್ಕೂ ಅದನ್ನೇ ತೆಗೆದುಕೊಂಡೆವು, ರಾಜ್ಯಶಾಸ್ತ್ರದ ಪಠ್ಯಕ್ಕೂ ಅದನ್ನೇ. ಒಂದೇ ದಿನ ಎರಡನೆಯ ಪೀರಿಯಡ್ಡಿನಲ್ಲಿ ಡಾಲ್ಟನ್, ಐದನೆಯ ಪೀರಿಯಡ್ಡಿನಲ್ಲಿ ಬಂಡವಾಳಶಾಹಿ. ಹುಡುಗನ ಗೊಂದಲಕ್ಕೆ ಹುಡುಗ ಹೊಣೆಯಲ್ಲ.

ಆದರೆ ಅವನಿಗೆ ಉತ್ತರವೂ ಇದೇ ಪದದ ಹಳೆಯ ಬಳಕೆಯಲ್ಲಿದೆ. ನ್ಯಾಯಶಾಸ್ತ್ರದವರು ಸಿದ್ಧಾಂತ ನಾಲ್ಕು ಬಗೆ ಎನ್ನುತ್ತಾರೆ. ಯಾವ ಶಾಸ್ತ್ರವೂ ವಿರೋಧಿಸದೆ ಎಲ್ಲರೂ ಒಪ್ಪುವುದು ಸರ್ವತಂತ್ರ ಸಿದ್ಧಾಂತ. ತನ್ನ ಪಂಥದವರು ಒಪ್ಪಿ, ಬೇರೆ ಪಂಥದವರು ಒಪ್ಪದಿರುವುದು ಪ್ರತಿತಂತ್ರ ಸಿದ್ಧಾಂತ. ಒಂದನ್ನು ಒಪ್ಪಿದರೆ ಅದರ ಬೆನ್ನಿಗೆ ಬೇರೆ ಹಲವು ತಾವಾಗಿ ಒಪ್ಪಿತವಾಗುವುದು ಅಧಿಕರಣ ಸಿದ್ಧಾಂತ. ಇನ್ನೂ ಪರೀಕ್ಷಿಸದ ಮಾತನ್ನು ಚರ್ಚೆಗಾಗಿ ‘ಸದ್ಯಕ್ಕೆ ಹೌದೆನ್ನೋಣ’ ಎಂದು ಒಪ್ಪಿಕೊಳ್ಳುವುದು ಅಭ್ಯುಪಗಮ ಸಿದ್ಧಾಂತ. ಶೀತಲ ಸಮರದ ಎರಡು ಪಾಳಯಗಳ ‘ಸಿದ್ಧಾಂತ’ಗಳು ಎರಡನೆಯ ಬಗೆಯವು. ಒಂದು ಪಾಳಯದಲ್ಲಿ ಸಿದ್ಧ, ಇನ್ನೊಂದರಲ್ಲಿ ಅಸಿದ್ಧ. ಜೊತೆಗೆ ಮೂರನೆಯ ಬಗೆಯ ಗುಣವೂ ಅವುಗಳಿಗಿದೆ. ಖಾಸಗಿ ಆಸ್ತಿ ಹಕ್ಕು ಮೂಲಭೂತ ಎಂದು ಒಪ್ಪಿದರೆ ತೆರಿಗೆ, ಮಾರುಕಟ್ಟೆ, ಸರ್ಕಾರದ ಗಾತ್ರ ಇವುಗಳ ಬಗ್ಗೆ ಹತ್ತು ನಿಲುವುಗಳು ಹಿಂದಿನಿಂದ ಬರುತ್ತವೆ. ಐಡಿಯಾಲಜಿ ಬಿಡಿ ಅಭಿಪ್ರಾಯವಲ್ಲ, ಗೊಂಚಲು ಎನ್ನುವುದು ಇದಕ್ಕೇ.

ಡಾಲ್ಟನ್‌ನನ್ನು ಹಾಗೆಂದು ಮೊದಲ ಬಗೆಯಲ್ಲಿ ಕೂರಿಸಿ ಕೈತೊಳೆದುಕೊಳ್ಳುವಂತಿಲ್ಲ. ಪರಮಾಣು ಅವಿಭಾಜ್ಯ ಎಂಬ ಅವನ ಮಾತು ನಿಲ್ಲಲಿಲ್ಲ, ಮಕ್ಕಳು ಎಲೆಕ್ಟ್ರಾನಿನ ಪಾಠವನ್ನೂ ಓದಿರುತ್ತಾರೆ. ವ್ಯತ್ಯಾಸ ಇರುವುದು ಅದು ಬಿದ್ದ ರೀತಿಯಲ್ಲಿ. ಪ್ರಯೋಗ ಅದನ್ನು ತಿದ್ದಿತು, ತಿದ್ದಿದ್ದನ್ನು ಎಲ್ಲ ದೇಶಗಳ ಪ್ರಯೋಗಶಾಲೆಗಳೂ ಒಪ್ಪಿದವು. ಐಡಿಯಾಲಜಿಯಲ್ಲಿ ‘ಜಗತ್ತು ಹೇಗಿದೆ’ ಎಂಬುದರ ಜೊತೆಗೆ ‘ಹೇಗಿರಬೇಕು’ ಎಂಬುದು ಹೆಣೆದುಕೊಂಡಿರುತ್ತದೆ. ಮೊದಲನೆಯ ಎಳೆಯನ್ನು ಅಂಕಿಅಂಶದಿಂದ ಪರೀಕ್ಷಿಸಬಹುದು. ಎರಡನೆಯ ಎಳೆಯನ್ನು ವಾದದಿಂದ, ಪರಿಣಾಮಗಳನ್ನು ತೋರಿಸುವುದರಿಂದ ಪ್ರಶ್ನಿಸಬಹುದು, ಆದರೆ ಪರೀಕ್ಷಾನಳಿಕೆಗೆ ಹಾಕಲಾಗದು. ಆ ಹುಡುಗನಿಗೆ ಎರಡು ನಿಮಿಷದಲ್ಲಿ ಕೊಡಬಹುದಾಗಿದ್ದ ಉತ್ತರ ಇಷ್ಟೇ. ಸರ್ವತಂತ್ರ, ಪ್ರತಿತಂತ್ರ ಎಂಬ ಪದಗಳನ್ನು ಪ್ರೌಢಶಾಲೆಯ ಮಕ್ಕಳ ತಲೆಗೆ ತುಂಬುವುದು ಬೇಡ, ‘ಎಲ್ಲರೂ ಒಪ್ಪಿದ್ದು, ಒಂದು ಕಡೆಯವರು ಒಪ್ಪಿದ್ದು’ ಎಂದರೆ ಸಾಕು.

ಬೇರೆ ಕನ್ನಡ ಪದಗಳೂ ಚಾಲ್ತಿಯಲ್ಲಿವೆ. ‘ವಿಚಾರಧಾರೆ’ ಎಂಬುದರಲ್ಲಿ ಹರಿವಿದೆ, ಮುಗಿದುಹೋದ ಭಾವವಿಲ್ಲ. ‘ವಿಚಾರಿಸು’ ಎಂದರೆ ಕನ್ನಡದಲ್ಲಿ ಕೇಳಿ ತಿಳಿ ಎಂದೂ ಆಗುವುದರಿಂದ ನನಗೆ ಇದೇ ಹೆಚ್ಚು ಇಷ್ಟ. ‘ತತ್ತ್ವ’ ಎಂದರೆ ಅದರ ಅದುತನ, ನಿಜಸ್ವರೂಪ. ಪಕ್ಷದ ಪ್ರಣಾಳಿಕೆಗೆ ಅಷ್ಟು ಗೌರವ ಕೊಡುವುದು ನನಗೆ ಕಷ್ಟ. ‘ಪಂಥ’ ಎಂದರೆ ದಾರಿ, ಜೊತೆಗೆ ಆ ದಾರಿ ಹಿಡಿದ ಗುಂಪು. ಎಡಪಂಥ, ಬಲಪಂಥ ಎಂಬಲ್ಲಿ ಮಕ್ಕಳು ತಪ್ಪದೆ ಎಡವುತ್ತಾರೆ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಅಧಿಕಾರ ಉಳಿಯಬೇಕೆಂದವರು ಅಧ್ಯಕ್ಷರ ಬಲಕ್ಕೂ ಅದನ್ನು ಮೊಟಕುಗೊಳಿಸಬೇಕೆಂದವರು ಎಡಕ್ಕೂ ಕೂತದ್ದು ಇದರ ಮೂಲ. ನಮ್ಮ ಹಳೆಯ ಎಡಗೈ-ಬಲಗೈ ಜಾತಿ ವಿಭಾಗಗಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಉತ್ತರಪತ್ರಿಕೆಯಲ್ಲಿ ಎರಡೂ ಬೆರೆತು ಬರುತ್ತವೆ. ಇನ್ನು ‘ವಾದ’. ಸಮಾಜವಾದ, ಉದಾರವಾದ, ರಾಷ್ಟ್ರವಾದ. ಈ ಪ್ರತ್ಯಯದಂಥ ಪದದಲ್ಲೇ ಇದು ಒಂದು ಪಕ್ಷದ ಮಾತು, ಎದುರು ಮಾತು ಇನ್ನೊಂದಿದೆ ಎಂಬ ಸೂಚನೆ ಅಡಗಿದೆ. ನೈಯಾಯಿಕರು ಸತ್ಯ ತಿಳಿಯಲು ಮಾಡುವ ಚರ್ಚೆಗೆ ‘ವಾದ’ ಎಂದೂ ಗೆಲ್ಲಲು ಮಾಡುವುದಕ್ಕೆ ‘ಜಲ್ಪ’ ಎಂದೂ ತನ್ನದೇನನ್ನೂ ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಕ್ಕೆ ‘ವಿತಂಡ’ ಎಂದೂ ಹೆಸರಿಟ್ಟಿದ್ದರು. ಶಿಕ್ಷಣ ತತ್ತ್ವಶಾಸ್ತ್ರದ ಪತ್ರಿಕೆಗೆ ಆದರ್ಶವಾದ, ಪ್ರಕೃತಿವಾದ, ರಚನಾವಾದ ಎಂದು ಕಂಠಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಅವೂ ವಾದಗಳೇ, ಅವಕ್ಕೂ ಎದುರು ಪಕ್ಷವಿದೆ ಎಂದು ನೆನಪಿಟ್ಟರೆ ನಮ್ಮ ಆಂತರಿಕ ಪರೀಕ್ಷೆಯ ಉತ್ತರಗಳು ಓದುವಂತಾಗುತ್ತವೆ.

ನನ್ನ ಸಲಹೆ ಹೀಗಿದೆ. ಪಠ್ಯದಲ್ಲಿರುವ ‘ಸಿದ್ಧಾಂತ’ವನ್ನು ಅಳಿಸಲು ಹೋಗಬೇಡಿ, ಪರೀಕ್ಷೆಯಲ್ಲಿ ಮಕ್ಕಳು ಅದನ್ನೇ ಎದುರಿಸಬೇಕು. ಹಲಗೆಯ ಮೇಲೆ ಅದನ್ನು ಬರೆದು, ಕೆಳಗೆ ‘ವಿಚಾರಧಾರೆ’ ಎಂದೂ ಬರೆದು, ಎರಡರ ನಡುವಿನ ಅಂತರವನ್ನು ಮಕ್ಕಳಿಂದಲೇ ಹೇಳಿಸಿ. ಆಮೇಲೆ ನಾಲ್ಕನೆಯ ಬಗೆಯ ಸಿದ್ಧಾಂತವನ್ನು ಬೋಧನಾ ವಿಧಾನವಾಗಿ ಬಳಸಿ. ತರಗತಿಯನ್ನು ಎರಡು ಗುಂಪು ಮಾಡಿ, ಊರಿಗೆ ಹತ್ತಿರದ ಒಂದು ಪ್ರಶ್ನೆ ಕೊಡಿ: ಊರಿನ ಕೆರೆಯ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಬೇಕೋ, ಎಲ್ಲರಿಗೂ ಬಿಡಬೇಕೋ? ಹತ್ತು ನಿಮಿಷ ಒಂದು ಪಕ್ಷ ‘ಸದ್ಯಕ್ಕೆ ಹೌದೆನ್ನೋಣ’, ಆಮೇಲೆ ಪಕ್ಷ ಬದಲು. ಮನೆಯಲ್ಲಿ ಕೇಳಿದ ಮಾತಿಗೆ ವಿರುದ್ಧವಾಗಿ ಹತ್ತು ನಿಮಿಷ ಸರಿಯಾಗಿ ವಾದಿಸಿದ ಮಗುವಿಗೆ ತನ್ನ ನಿಲುವನ್ನು ಬಿಟ್ಟುಕೊಡದೆಯೂ ಇನ್ನೊಂದರ ಒಳಗು ತಿಳಿಯುತ್ತದೆ. ಇಂದಿನ ಪಕ್ಷಗಳ ಹೆಸರನ್ನು ಈ ಚಟುವಟಿಕೆಗೆ ತರಬೇಡಿ. ಹೆಸರು ಬಂದ ಕೂಡಲೇ ವಾದ ಹೋಗಿ ಜಲ್ಪ ಬರುತ್ತದ್ದೆನ್ನುವುದು ನನ್ನ ಅನುಭವ.

“ಸರ್, ‘ನಿಮ್ಮ ಐಡಿಯಾಲಜಿ ಯಾವುದು?’ ಅಂತ ಮಕ್ಕಳೇ ಕೇಳಿದ್ರೆ?” ಎಂದು ಹಿಮ್ಮಾಹಿತಿ ಸಭೆಯಲ್ಲಿ ಒಬ್ಬರು ಕೇಳಿದರು. ನನಗಿಲ್ಲ ಎಂದು ಹೇಳುವುದು ಸರಿಯಲ್ಲ, ಮ್ಯಾನ್‌ಹೀಮ್‌ನ ಪ್ರಶ್ನೆಗೆ ಅದು ಉತ್ತರವಲ್ಲ, ಮಕ್ಕಳೂ ನಂಬುವುದಿಲ್ಲ. ಪಕ್ಷದ ಹೆಸರು ಹೇಳುವುದೂ ನಮ್ಮ ಕೆಲಸಕ್ಕೆ ಒಪ್ಪುವುದಿಲ್ಲ. ಸಂವಿಧಾನದ ಪ್ರಸ್ತಾವನೆಯನ್ನು ತೆರೆದು, ಅಲ್ಲಿರುವ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಇವು ಶಾಲೆಯಲ್ಲಿ ನಾನು ಬದ್ಧನಾಗಿರುವ ವಿಚಾರಗಳು, ಇವೂ ವಾದಿಸಿ ಪಡೆದುಕೊಂಡವು, ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳು 1976ರ ತಿದ್ದುಪಡಿಯಲ್ಲಿ ಸೇರಿದವು, ಅವುಗಳ ಬಗ್ಗೆ ಚರ್ಚೆ ಇನ್ನೂ ನಡೆದಿದೆ ಎಂದು ಹೇಳಬಹುದು. ಅದು ಜಾರಿಕೊಳ್ಳುವ ಉತ್ತರ ಎಂದು ಅವರಿಗನ್ನಿಸಿತು. ನನಗೆ ಹಾಗೆ ಅನ್ನಿಸುವುದಿಲ್ಲ, ಆದರೆ ಅವರ ಅಸಮಾಧಾನವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಕೊನೆಯದಾಗಿ ಮೌಲ್ಯಮಾಪನ. ‘ಸಿದ್ಧಾಂತ ಎಂದರೇನು?’ ಎಂಬ ಒಂದು ಅಂಕದ ಪ್ರಶ್ನೆ ಘಟಕ ಪರೀಕ್ಷೆಗಳಲ್ಲಿ ಕಾಣುತ್ತಲೇ ಇರುತ್ತದೆ. ಉತ್ತರವಾಗಿ ಮಕ್ಕಳು ಬರೆಯುವ ಅರ್ಧ ಸಾಲಿನಿಂದ ಅವರಿಗೆ ತಿಳಿದಿದೆಯೋ ಇಲ್ಲವೋ ಹೇಳಲಾಗದು. ಅದರ ಬದಲು ಮೂರು ಅಂಕಕ್ಕೆ ಹೀಗೆ ಕೇಳಿ ನೋಡಿ: ‘ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಕುಡಿಯುವ ನೀರು ಎಲ್ಲರಿಗೂ ಉಚಿತವಾಗಿ ಸಿಗಬೇಕು. ಈ ಎರಡು ಹೇಳಿಕೆಗಳನ್ನು ನೀವು ಒಂದೇ ರೀತಿ ಪರೀಕ್ಷಿಸಬಲ್ಲಿರಾ? ಎರಡನೆಯದನ್ನು ಒಪ್ಪದವರು ಏನು ಹೇಳಬಹುದು?’ ಕೊನೆಯ ಭಾಗಕ್ಕೇ ಎರಡು ಅಂಕ ಇಡಿ.